ಇಂಚು, ಸೆಂಟು

ಬೆಳಗ್ಗೆ ಆರಕ್ಕೆ ಬೆಳ್ಯಪ್ಪನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತೇನೆ.
ಬರಿಗಾಲು, ಪಂಚೆ, ಖಾಲಿ ಜೇಬು.
ಐವತ್ತೆಂಟೂವರೆ.
ಸಂಜೆ ನಾಲ್ಕಕ್ಕೆ ಮತ್ತೆ. ಅರವತ್ತಮೂರು.
ನಡುವಿನ ನಾಲ್ಕೂವರೆ ಕಿಲೋ
ಅನ್ನವಲ್ಲ, ಮೈಯಲ್ಲ,
ಕದ್ದು ಕುಡಿದ ಮಡಿಕೇರಿ ನಗರಸಭೆಯ ನೀರು.

ನಲ್ಲಿಗಳ ತಲೆ ಬಿಚ್ಚಿಸಿ ಬೀರುವಿನಲ್ಲಿಟ್ಟಿದ್ದೇವೆ.
ಬೀಗದ ಕೈ ನನ್ನ ಸೊಂಟದಲ್ಲಿ.
ಆದರೂ ಸಿಗುತ್ತದೆ ಅವನಿಗೆ:
ಹೂದಾನಿಯಲ್ಲಿ, ನೆಲ ಒರೆಸುವ ಬಕೆಟ್ಟಿನಲ್ಲಿ,
ಮಿಂದು ಬಂದವರ ಟವೆಲಿನಲ್ಲಿ.
ಹಿಂಡಿ ಅಲ್ಲ, ಹೀರಿ.

ನೀರು ಕುಡಿದಷ್ಟು ಸುಲಭ ಅಂತೀವಲ್ಲ,
ಜುಲೈಯಲ್ಲಿ, ಔಷಧಿ ಟ್ರಾಲಿಯ ಪಕ್ಕ
ಅವನು ಕೈಕಾಲು ಸೆಟೆದು ಬಿದ್ದ ಮೇಲೆ
ಆ ಮಾತು ನಾನು ಆಡಿಲ್ಲ.
ಸೋಡಿಯಂ ನೂರಾ ಹದಿನಾರು ಎಂದಿತು ರಕ್ತದ ಚೀಟಿ.
ಉಪ್ಪು ತಿಂದವನು ನೀರು ಕುಡಿಯಲೇಬೇಕು.
ಉಪ್ಪು ತಿನ್ನದೆಯೇ ಕುಡಿದವನಿಗೆ ಗಾದೆಯಿಲ್ಲ,
ಡ್ರಿಪ್ಪಿದೆ. ನಿಧಾನ, ಇನ್ನೂ ನಿಧಾನ ಎನ್ನುತ್ತಿದ್ದರು ಡಾಕ್ಟರ್ ರೆಹನಾ,
ಅವಸರದ ಉಪ್ಪು ಮೆದುಳನ್ನು ಸುಡುತ್ತದೆ.

ಸುಂಟಿಕೊಪ್ಪದಾಚೆ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದ.
ಇಪ್ಪತ್ತೆರಡು ವರ್ಷ, ಬೆಳಗ್ಗೆ ಎಂಟಕ್ಕೆ
ಮಳೆಮಾಪಕದ ಡಬ್ಬಿ ಎತ್ತಿ, ಗಾಜಿನ ಅಳತೆಗೆ ಸುರಿದು,
ಇಂಚು, ಸೆಂಟು ಎಂದು ದಪ್ಪ ಪುಸ್ತಕದಲ್ಲಿ ಬರೆಯುವವ.
ಬರೆದ ಮೇಲೆ ನೀರು ಚೆಲ್ಲಬೇಕು, ಅದು ಕ್ರಮ.
ಒಂದು ದಿನ ಕಿವಿಯೊಳಗಿಂದ ಯಾರೋ ಹೇಳಿದರು:
ಚೆಲ್ಲಬೇಡ, ಕುಡಿ.
ಕುಡಿದ. ಒಂದು ಗಳಿಗೆ ಸುಮ್ಮನಾಯಿತಂತೆ ಸ್ವರ.
ಆಮೇಲೆ ಸುಮ್ಮನಾಗಲು ಎರಡು ಲೋಟ ಬೇಕಾಯಿತು.
ಆಮೇಲೆ ಕೊಡ.

ಮೊದಲು ಕೊಟ್ಟ ಮಾತ್ರೆ ಬಾಯಿ ಒಣಗಿಸಿತು.
"ಬಾಯಾರಿಕೆ ಕೊಡೋರೂ ನೀವೇ ಸಿಸ್ಟರ್, ಬೀಗ ಹಾಕೋರೂ ನೀವೇ."
ಚಾರ್ಟು ತಿರುಗಿಸಿದೆ.

ತುಲಾ ಸಂಕ್ರಮಣದ ಮರುದಿನ ಅಕ್ಕ ದಮಯಂತಿ ಬಂದಳು,
ತಲಕಾವೇರಿಯಲ್ಲಿ ರಾತ್ರಿಯಿಡೀ ಸಾಲು ನಿಂತ ಕಣ್ಣು,
ಕೆಮ್ಮಿನ ಔಷಧಿಯ ತೊಳೆದ ಶೀಶೆಯಲ್ಲಿ ತೀರ್ಥ.
ನಾನು ವಿರಾಜಪೇಟೆಯ ಇಗರ್ಜಿಯವಳು;
ಪವಿತ್ರ ನೀರಿಗೆ ಅಡ್ಡ ನಿಲ್ಲುವುದು ನನಗೂ ಕಷ್ಟ.
ಫೋನಿನಲ್ಲಿ ಡಾಕ್ಟರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ.
"ಒಂದು ಚಮಚ. ಚಾರ್ಟಿನಲ್ಲಿ ಬರೀರಿ."
ಬರೆದೆ: ತೀರ್ಥ, ಐದು ಎಂ.ಎಲ್.
ಬೆಳ್ಯಪ್ಪ ಹೀರಿದ. ಒದ್ದೆ ಅಂಗೈಯನ್ನು
ತಲೆಗೆ ಸವರಿಕೊಳ್ಳಲಿಲ್ಲ, ನೆಕ್ಕಿದ,
ಬೆರಳ ಸಂದಿಗಳನ್ನೂ.
ದಮಯಂತಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

ನವೆಂಬರಿನಲ್ಲಿ ಕ್ಲೋಜಪಿನ್ ಶುರು.
ಅರ್ಧ ಮಾತ್ರೆ, ಒಂದು, ಎರಡು;
ವಾರ ವಾರ ರಕ್ತ, ಬಿಳಿಯ ಕಣಗಳ ಎಣಿಕೆ.
ಹಗಲೆಲ್ಲ ತೂಕಡಿಕೆ, ಮೂರು ದಿನಕ್ಕೊಮ್ಮೆ ಹೊಟ್ಟೆಯ ರಗಳೆ.
ಜನವರಿಗೆ ಬೆಳಗು ಸಂಜೆಯ ಅಂತರ ಎರಡೂವರೆ.
ಮತ್ತೆ ನಾಲ್ಕು: ಯಾರೋ ಬಚ್ಚಲಿಗೆ ಬೀಗ ಹಾಕಿರಲಿಲ್ಲ,
ಆ ಯಾರೋ ನಾನೇ.
ಆಮೇಲೆ ಒಂದೂಕಾಲು.
ತಮಾಷೆಯೆಂದರೆ ಈ ಮಾತ್ರೆಗೆ ಜೊಲ್ಲು ಸುರಿಯುತ್ತದೆ.
ಬಾಯಿ ಒಣಗಿತೆಂದು ಅತ್ತವನ ದಿಂಬು
ಬೆಳಗಾಗುವಾಗ ತೊಯ್ದು ತೊಪ್ಪೆ.
ದಿನಾ ಕವರು ಬದಲಿಸುತ್ತೇನೆ.

ಮಾರ್ಚ್ ಹದಿನೇಳರ ಸಂಜೆ ಹೂಮಳೆ ಬಂತು.
ವಾರ್ಡಿಗೆ ವಾರ್ಡೇ ಕಿಟಕಿಗೆ.
ಹೆದರಿ ಅವನ ಬೆನ್ನ ಹಿಂದೆಯೇ ನಿಂತೆ.
ಸರಳಿನಾಚೆ ಕೈ ಚಾಚಿ, ಕಣ್ಣು ಮುಚ್ಚಿ,
ಶೀಟಿನ ಮೇಲಿನ ಸದ್ದು ಎಣಿಸಿದ ಹಾಗೆ ನಿಂತು
"ತೊಂಬತ್ತು ಸೆಂಟು" ಅಂದ. "ರೋಬಸ್ಟಾಕ್ಕೆ ಸಾಕು.
ಇಪ್ಪತ್ತು ದಿನದೊಳಗೆ ಇನ್ನೊಂದು ಬರಬೇಕು,
ಇಲ್ಲಾಂದ್ರೆ ಕಾಯಿ ನಿಲ್ಲಲ್ಲ."
ಚಾರ್ಟಿನಲ್ಲಿ ಮಳೆಗೆ ಕಲಂ ಇಲ್ಲ. ಅಂಚಿನಲ್ಲಿ ಗೀಚಿಕೊಂಡೆ.

ಅಂಗೈ ಒಳಗೆ ತಂದ. ಅದರಲ್ಲಿ ಅಷ್ಟು ನೀರಿತ್ತು.
"ಸ್ವರ ಹೋಗಿದೆ ಸಿಸ್ಟರ್. ಗಂಟಲು ಮಾತ್ರ
ಇನ್ನೂ ಕೇಳ್ತಾ ಇದೆ, ಅಭ್ಯಾಸಕ್ಕೆ."
ನೋಡಿದ, ತುಂಬ ಹೊತ್ತು.
ಬೆರಳು ಸ್ವಲ್ಪ ಬಿಡಿಸಿದ, ಸ್ವಲ್ಪ ಸೋರಿತು.
ಉಳಿದದ್ದಕ್ಕೆ ಏನು ಮಾಡಿದನೋ.
ಅಷ್ಟರಲ್ಲಿ ಕರೆಂಟು ಹೋಯಿತು.